ಟವೆಲ್ಲಿನ ಕೆಳಗಿನ ಎರಡು ದರ

ನಮ್ಮಪ್ಪ ದನದ ದಲಾಲಿ. ಮನೆ ಮುರಗೋಡದಲ್ಲಿ, ಕೆಲಸ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ. ಎತ್ತು ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ ವ್ಯವಹಾರ ಕುದುರಿಸುವುದು ಅವನ ಕಸುಬು. ಆದರೆ ಕಾಲೇಜಿನ ಎಲ್ಲ ಅರ್ಜಿಗಳಲ್ಲೂ ತಂದೆಯ ಉದ್ಯೋಗ ಎಂಬಲ್ಲಿ ನಾನು ‘ಕೃಷಿ’ ಎಂದೇ ಬರೆಯುತ್ತಿದ್ದೆ. ನಮಗೆ ಎರಡು ಎಕರೆ ಹೊಲ ಇದ್ದದ್ದು ನಿಜ. ಹಾಗಾಗಿ ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬೈಲಹೊಂಗಲದಲ್ಲಿ ಗಣಿತ ಮತ್ತು ಕಂಪ್ಯೂಟರ್ ಓದುತ್ತಿದ್ದೆ. ಮುಂಬೈಯ ಷೇರು ವ್ಯಾಪಾರದ ಕಂಪನಿಗಳು ಬೇಸಿಗೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಕೊಡುತ್ತವೆ, ಅವರಿಗೆ ಬೇಕಾದದ್ದು ಗಣಿತ ಮತ್ತು ಪ್ರೋಗ್ರಾಮಿಂಗ್ ಎಂದು ಗೊತ್ತಾದ ಮೇಲೆ ನನಗೆ ಬೇರೇನೂ ಬೇಡವಾಯಿತು. ಕಾಲೇಜಿನಲ್ಲಿ ಕೇಳಿದರೆ ಬ್ಯಾಂಕ್ ಪರೀಕ್ಷೆ ಬರಿ ಎಂದರು. ಅಪ್ಪ ಒಂದು ಅವಕಾಶ ಕೊಟ್ಟ.

“ಈ ಬ್ಯಾಸಗಿ ಒಂದ ನೋಡವಾ. ಆಗಲಿಲ್ಲಂದ್ರ ಬಿ.ಎಡ್. ಮಾಡಿ ಸಾಲಿ ಕಲಸಾಕ ಹೋಗು.”

ಸಾಲೆ ಕಲಿಸುವುದು ಕೆಟ್ಟ ಕೆಲಸವಲ್ಲ, ಆದರೆ ನನಗೆ ಒಗ್ಗುವ ಕೆಲಸವಲ್ಲ. ಕಳಿಸಿದ ಅರ್ಜಿಗಳಲ್ಲಿ ಎರಡಕ್ಕೆ ಮಾತ್ರ ಉತ್ತರ ಬಂತು.

ಮೊದಲನೆಯ ಸಂದರ್ಶನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಪರದೆಯ ಮೇಲೆ ನಡೆಯಿತು. ಮೂರು ದಾಳ ಉರುಳಿಸಿದರೆ ಬರುವ ಮೊತ್ತದಷ್ಟು ರೂಪಾಯಿ ಸಿಗುತ್ತದೆ, ಇದಕ್ಕೆ ಬೆಲೆ ಹೇಳು ಎಂದರು. ಇದು ನನಗೆ ನೀರು ಕುಡಿದಷ್ಟು ಸುಲಭ. ಹತ್ತೂವರೆ ಎಂದೆ. ನೀನು ಕೊಳ್ಳುವ ದರ ಎಷ್ಟು, ಮಾರುವ ದರ ಎಷ್ಟು ಎಂದರು. ಎರಡೂ ಹತ್ತೂವರೆ, ಸರಾಸರಿ ಬರುವುದೇ ಅಷ್ಟು, ಬೇಕಿದ್ದರೆ ಸಾಧಿಸಿ ತೋರಿಸುತ್ತೇನೆ ಎಂದೆ. ಸಾಧಿಸಿಯೂ ತೋರಿಸಿದೆ. ಅವರು ಥ್ಯಾಂಕ್ಯೂ ಹೇಳಿ ಪರದೆ ಆರಿಸಿದರು.

ಮನೆಗೆ ಬಂದು ಹೇಳಿದಾಗ ಅಪ್ಪ ಕೆಮ್ಮು ಬರುವಷ್ಟು ನಕ್ಕ.

“ಕೊಳ್ಳಾಕೂ ಮಾರಾಕೂ ಒಂದ ದರಾ ಹೇಳಿದ್ರ, ನಡುವ ನಿಂತಾಂವ ಏನ್ ಮಣ್ಣ ತಿನ್ನಬೇಕನವಾ?”

ನನಗೆ ಸಿಟ್ಟು ಬಂತು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ತಪ್ಪು ಕಂಡಿತ್ತು, ನನಗೆ ಕಂಡಿರಲಿಲ್ಲ ಎಂಬುದಕ್ಕೆ ಬಂದ ಸಿಟ್ಟು ಅದು.

ಮುಂದಿನ ಸಂತೆಗೆ ಅವನೊಂದಿಗೆ ಬೈಲಹೊಂಗಲಕ್ಕೆ ಹೋದೆ. ದನದ ಸಂತೆಯಲ್ಲಿ ಯಾರೂ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ತನ್ನ ಟವೆಲ್ಲಿನ ಕೆಳಗೆ ಮಾರುವವನ ಕೈ ಹಿಡಿಯುತ್ತಾನೆ, ಒಂದು ಬೆರಳಿಗೆ ಹತ್ತು ಸಾವಿರ. ಆಮೇಲೆ ಅದೇ ಟವೆಲ್ಲಿನ ಕೆಳಗೆ ಕೊಳ್ಳುವವನ ಕೈ. ಇಬ್ಬರ ದರವೂ ಗೊತ್ತಿರುವುದು ನಡುವಿನವನಿಗೆ ಮಾತ್ರ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅಪ್ಪ ಬೇವಿನ ಗಿಡದ ಕೆಳಗೆ ಟವೆಲ್ ಮುಚ್ಚಿ ನನ್ನ ಕೈ ಹಿಡಿದ. ನಾನು ದಲಾಲಿ, ಅವನು ಗಿರಾಕಿ. ನಾನು ಬೆರಳು ಹಿಡಿದು ದರ ಹೇಳಿದ ಕೂಡಲೇ ಅವನು ಒಪ್ಪಿಬಿಟ್ಟ. ನಾನು ಗೆದ್ದವಳಂತೆ ನಕ್ಕೆ.

“ನಗಬ್ಯಾಡ. ಲಗೂನ ಒಪ್ಪಿದಾ ಅಂದ್ರ ನೀ ಅಗ್ಗಕ್ಕ ಹೇಳಿದಿ. ಮುಂದಿನ ಸಲ ಏರಿಸು. ಕೈ ತಡದ್ರ ಅಲ್ಲೇ ನಿಂದರು, ಅಷ್ಟರಾಗ ಎಲ್ಲೋ ಐತಿ ಅಂತ ತಿಳಕೊ.”

ಅವನ ಅಂಗೈ ಅಷ್ಟು ಒರಟಾಗಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ಎರಡನೆಯ ಸಂದರ್ಶನದಲ್ಲಿ, ನಮ್ಮ ಕಚೇರಿಯ ಕಟ್ಟಡಕ್ಕೆ ಎಷ್ಟು ಕಿಟಕಿಗಳಿವೆ, ಒಂದು ಕಿಟಕಿಗೆ ಒಂದು ರೂಪಾಯಿಯಂತೆ ಎರಡೂ ದರ ಹೇಳು ಎಂದರು. ಆ ಕಟ್ಟಡವನ್ನು ನಾನು ನೋಡಿರಲಿಲ್ಲ. ಎಂಬತ್ತಕ್ಕೆ ಕೊಳ್ಳುತ್ತೇನೆ, ನೂರಾ ನಲವತ್ತಕ್ಕೆ ಮಾರುತ್ತೇನೆ ಎಂದೆ. ನಾನು ಹೇಳಿ ಮುಗಿಸುತ್ತಲೇ ಅವರು ನೂರಾ ನಲವತ್ತಕ್ಕೆ ಕೊಂಡರು. ಎರಡೂ ದರ ಏರಿಸಿದೆ. ಮತ್ತೆ ಕೊಂಡರು, ಆದರೆ ಈ ಸಲ ಒಂದು ಕ್ಷಣ ತಡೆದು. ಸ್ವಲ್ಪವೇ ಏರಿಸಿ, ಎರಡರ ನಡುವಿನ ಅಂತರ ಕಡಿಮೆ ಮಾಡಿದೆ. ಆಗ ಅವರು ಕೊಳ್ಳಲೂ ಇಲ್ಲ, ಮಾರಲೂ ಇಲ್ಲ. ಕ್ಯಾಮೆರಾಕ್ಕೆ ಕಾಣದಂತೆ ನನ್ನ ಎಡಗೈ ವೇಲಿನ ಕೆಳಗೆ ಬೆರಳು ಮಡಿಸುತ್ತಿತ್ತು.

ಅವರಿಗೆ ಖುಷಿಯಾಯಿತು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು.

ಆನ್‌ಲೈನ್ ಕೋರ್ಸಿನಲ್ಲಿ ಎಂದೆ.

ವಾರದ ನಂತರ ಆಯ್ಕೆಯಾದ ಪತ್ರ ಬಂತು. ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದು ನೋಡುವಂಥವನಲ್ಲ, ಕಂಪನಿಯ ಹೆಸರನ್ನು ಅಕ್ಷರ ಕೂಡಿಸಿ ಓದಿದ. ಆಮೇಲೆ ಕೇಳಿದ, “ಯಾರ್ ಕಲಿಸ್ಯಾರಂತ ಕೇಳಲಿಲ್ಲೇನ ಅವರು?”

“ಕೇಳಿದ್ರು.”

“ಏನಂದಿ?”

“ನಮ್ಮಪ್ಪ ಅಂದೆ.”

“ದನದ ದಲಾಲಿ ಅಂತನೂ ಹೇಳಿದೇನ?”

“ಹ್ಞೂಂ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೆ ನಾಚಿಕೆಯಾಯಿತು.

ಹೊರಡುವ ದಿನ ನನ್ನನ್ನು ಬಸ್ಸಿಗೆ ಹತ್ತಿಸಿ, ಕಂಡಕ್ಟರನ ಹತ್ತಿರ ನಿಂತು ದೊಡ್ಡ ದನಿಯಲ್ಲಿ ಹೇಳಿದ, “ನಮ್ಮ ಮಗಳರೀ. ಮುಂಬೈದಾಗ ದಲಾಲಿ ಮಾಡಾಕ ಹೊಂಟಾಳ. ನಾನ ಕಲಿಸಿದ್ದು. ಅಲ್ಲಿ ಸಾಹೇಬ್ರ ಮುಂದನೂ ಹಂಗ ಹೇಳ್ಯಾಳ್ರಿ.”

ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಮಡಿಲಲ್ಲಿದ್ದ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಂಪನಿಗೆ ಕೊಡಬೇಕಾದ ಫಾರ್ಮ್ ಅದರಲ್ಲಿತ್ತು. ತಂದೆಯ ಉದ್ಯೋಗ ಎಂಬಲ್ಲಿ ‘ಕೃಷಿ’ ಎಂದು ಹಿಂದಿನ ದಿನವೇ ತುಂಬಿದ್ದೆ.