ಕುರಿಮೊಗದ ಬಳ್ಳಿ ಬಾಗಿಸುವ ಒಟೀಲಿಯೆ

ಮೋಜೆಲ್ ನದಿಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಗೋಡೆಗೆ ಒರಗಿಸಿದ ಏಣಿಯಂತೆ ನಿಂತಿರುವ ಕುರಿಮೊಗ ಗುಡ್ಡದಲ್ಲಿ ಒಟೀಲಿಯೆ ಬ್ರಾಕ್ ಮಂಡಿಯೂರಿ, ದ್ರಾಕ್ಷಿಬಳ್ಳಿಯ ಎರಡು ಕವಲುಗಳನ್ನು ಮೆಲ್ಲಗೆ ಬಾಗಿಸುತ್ತಿದ್ದಾರೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ತುದಿಗಳೆರಡನ್ನೂ ಕೆಳಗೆ ತಂದು ಗೂಟಕ್ಕೆ ಕಟ್ಟಿದರೆ ಬಳ್ಳಿ ಹೃದಯದ ಆಕಾರ ತಾಳುತ್ತದೆ.

"ಬಿಸಿಲೇರಿದ್ರೆ ಲಟಕ್ ಅಂತ ಮುರಿಯುತ್ತೆ. ತೇವ ಇರುವಾಗ್ಲೇ ಮಾತಾಡಿಸ್ಬೇಕು ಇದನ್ನ."

ವಯಸ್ಸು ಐವತ್ತೆಂಟು. ಈ ಗುಡ್ಡದಲ್ಲಿ ಇದು ಮೂವತ್ತೊಂದನೆಯ ವಸಂತ. ದಿನಕ್ಕೆ ನಾನೂರು ಬಳ್ಳಿ, ಎಂಟುನೂರು ಬಾಗು. ಯಂತ್ರ ಇಲ್ಲಿಗೆ ಹತ್ತುವುದಿಲ್ಲ, ಕೈಯೇ ಆಗಬೇಕು; ಖರ್ಚು ಹೆಚ್ಚು. ಹಾಗಾಗಿಯೇ ತೋಟದ ಒಡೆಯ, ಶಾಲೆಯಲ್ಲಿ ಇವರ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೇರ್ನೋಟ್, ಈ ವಾರ ಮುಖ ಸಣ್ಣದು ಮಾಡಿಕೊಂಡು ಹೇಳಿದ್ದಾನೆ: "ಭಾನುವಾರ ರುಚಿ ನೋಡೋಕೆ ಬರೋರಿಗೆ ಹೆಸರು ಹೇಳದೆ ಆರು ವೈನ್ ಸುರಿದು ಕೊಡ್ತೀನಿ. ಕುರಿಮೊಗದ್ದು ಬೇರೆ ಅಂತ ಯಾರಿಗೂ ಅನ್ನಿಸ್ಲಿಲ್ಲ ಅಂದ್ರೆ ಗುಡ್ಡ ಬಿಟ್ಟುಬಿಡ್ತೀನಿ ಕಣೇ ಓಟಿ. ಮುಳ್ಳು ಬೆಳೀಲಿ."

ಭಾನುವಾರ ರಜೆ. ಪ್ರಾರ್ಥನೆ ಮುಗಿಸಿ, ಚರ್ಚಿನ ಕೋಟಿನಲ್ಲೇ ಒಟೀಲಿಯೆ ಮೊದಲ ಬಾರಿಗೆ ಅತಿಥಿಯಾಗಿ ಗೇರ್ನೋಟ್ ವೈನ್ ಸುರಿಯುವ ಮೇಜಿಗೆ ಬರುತ್ತಾರೆ. ಆಳುಗಳಿಗೆ ಸಿಗುವುದು ಪೀಪಾಯಿಗಳ ತಳದಲ್ಲಿ ಉಳಿದದ್ದನ್ನೆಲ್ಲ ಬೆರೆಸಿದ ಮನೆಪಾನ. ಸೀಸೆಗಿಳಿದ ಕುರಿಮೊಗ ಅವರ ನಾಲಿಗೆಗೆ ಎಂದೂ ತಾಕಿಲ್ಲ.

ಹದಿನಾಲ್ಕು ಜನ ಗುಟುಕರಿಸಿ, ಬಾಯಲ್ಲಾಡಿಸಿ, ಮಣ್ಣಿನ ಕೂಜಕ್ಕೆ ಉಗಿಯುತ್ತಾರೆ. ಒಟೀಲಿಯೆ ನುಂಗುತ್ತಾರೆ.

"ಉಗೀರಮ್ಮ, ಇಲ್ಲಾಂದ್ರೆ ಆರನೇ ಲೋಟಕ್ಕೆ ಹಾಡೋಕೆ ಶುರು ಮಾಡ್ತೀರಿ," ಪಕ್ಕದ ನಿವೃತ್ತ ಮೇಷ್ಟ್ರು ಚುಡಾಯಿಸುತ್ತಾರೆ.

"ಬೆನ್ನ ಮೇಲೆ ಹೊತ್ತು ಇಳಿಸಿದ್ದನ್ನ ಉಗಿಯೋದು ಹೆಂಗೆ ಸ್ವಾಮಿ? ಹಾಡಿದ್ರೆ ಕೇಳಿ, ಪುಣ್ಯ ಬರುತ್ತೆ."

ಕೊನೆಗೆ ಎಲ್ಲರೂ ತಮಗೆ ಬೇರೆ ಎನಿಸಿದ ಒಂದು ಲೋಟ ಆರಿಸಬೇಕು. ಒಟೀಲಿಯೆ ಕಣ್ಣು ಮುಚ್ಚಿ ನಾಲ್ಕನೆಯದರ ಮೇಲೆ ಬೆರಳಿಡುತ್ತಾರೆ. "ಇದೇ ನನ್ನ ಗುಡ್ಡ."

ಗೇರ್ನೋಟ್ ತಲೆ ಚಚ್ಚಿಕೊಳ್ಳುತ್ತಾನೆ. "ಅಯ್ಯೋ, ಅದು ಯಂತ್ರ ಕೊಯ್ದ ಬಯಲಿಂದು ಕಣೇ!"

ಒಟೀಲಿಯೆಯ ಕಿವಿ ಕೆಂಪಾಗುತ್ತದೆ. ತನಗೇ ತಿಳಿಯದ ಮೇಲೆ ಬೇರೆಯವರಿಗೆ ತಿಳಿದೀತೆ? ಅವರ ಕೈ ಕೋಟಿನೊಳಗಿನ ಜಪಮಾಲೆ ಹುಡುಕುತ್ತದೆ. ಆದರೆ ಮೇಷ್ಟ್ರು ಐದನೆಯ ಲೋಟ ಎತ್ತಿ ಹಿಡಿದಿದ್ದಾರೆ. "ಇದ್ರಲ್ಲಿ ಮಳೆ ಬಿದ್ದ ಕಲ್ಲಿನ ವಾಸನೆ ಇದೆಯಲ್ಲಯ್ಯ! ಎಲ್ಲೀದಿದು?" ಅವರ ಹಿಂದೆಯೇ ಇನ್ನೂ ಹತ್ತು ಕೈ ಐದನೆಯದರತ್ತ ಚಾಚುತ್ತವೆ.

ಗೇರ್ನೋಟ್ ಐದನೆಯ ಸೀಸೆಯನ್ನು ಎಲ್ಲರತ್ತ ತಿರುಗಿಸುತ್ತಾನೆ; ಚೀಟಿಯ ಮೇಲೆ ಕುರಿಮೊಗದ ಹೆಸರು. ಆಮೇಲೆ, "ಗುಡ್ಡ ಇರುತ್ತೆ ಓಟಿ," ಎನ್ನುತ್ತಾನೆ. "ಏನಾದ್ರೂ ಬೇಕಾ ನಿಂಗೆ?"

"ಅದ್ರದ್ದೊಂದು ಸೀಸೆ ಕೊಡು ಮಾರಾಯ. ಮೂವತ್ತೊಂದು ವರ್ಷ ಸಾಕಿದ ಮಗು, ಕೂಗಿದಾಗ ದನಿ ಗುರುತಾಗ್ಲಿಲ್ಲ. ಇನ್ನಾದ್ರೂ ಕಲೀತೀನಿ."