ಶನಿವಾರದ ಹರಳೆಣ್ಣೆ

ಪುಟ್ಟರಂಗಯ್ಯನಿಗೆ ಓದು ಬರುತ್ತಿರಲಿಲ್ಲ. ಆದರೆ ಓಡುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿ ಕೊಟ್ಟನೆಂದರೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಅವನ ಗ್ಯಾರೇಜು, ಪಕ್ಕದಲ್ಲಿ ನನ್ನ ಲೇತ್ ಅಂಗಡಿ. ನಡುವೆ ತಗಡಿನ ಗೋಡೆ. ಇಪ್ಪತ್ತು ವರ್ಷಗಳ ಕಾಲ ಅವನ ಬೈಗುಳವೆಲ್ಲ ಮೊದಲು ನನ್ನ ಕಿವಿಗೇ ಬಿದ್ದಿದ್ದರಿಂದ ಅವನ ಕತೆ ಹೇಳುವ ಹಕ್ಕು ನನಗಿದೆ.

ಎಂಬತ್ತೊಂದನೇ ಇಸವಿಯಲ್ಲಿ ಗುಬ್ಬಿಯ ಕೊಬ್ಬರಿ ಮಂಡಿಯ ಸಾಹುಕಾರ ಚಂದ್ರಶೇಖರಯ್ಯ ಒಂದು ಹಳೇ ಫಿಯಟ್ ತಂದು ನಿಲ್ಲಿಸಿದರು. ಬೆಂಗಳೂರಿನಾಚೆ ವಿಮಾನ ಇಳಿಯುವ ಪಾಳುಬಿದ್ದ ಪಟ್ಟಿಯ ಮೇಲೆ ಎರಡೆರಡು ಕಾರು ಜೋಡಿಯಾಗಿ ಕಾಲು ಮೈಲಿ ಓಡುವುದನ್ನು ನೋಡಿ ಅವರಿಗೆ ಹುಚ್ಚು ಹಿಡಿದಿತ್ತು.

"ಇದು ಅಲ್ಲಿ ಗೆಲ್ಬೇಕು ಪುಟ್ಟರಂಗ. ಸಂತೆಗೂ ಹೋಗ್ಬೇಕು, ನಮ್ಮನೆಯೋಳನ್ನ ದೇವಸ್ಥಾನಕ್ಕೂ ಕರ್ಕೊಂಡು ಹೋಗ್ಬೇಕು."

"ಓಟದ ಕುದ್ರೆಗೆ ನೊಗ ಕಟ್ಟು ಅಂತೀರಾ ಸಾವ್ಕಾರ್ರೆ? ಕುಣಿಗಲ್ ಕುದ್ರೆ ಫಾರಂನೋರು ಕೇಳುದ್ರೆ ನಗ್ತಾರೆ."

"ಒಂದೇ ಸಲ ಕಣಯ್ಯ. ಗೆದ್ರೂ ಸೋತ್ರೂ ಆಮೇಲೆ ಇದು ಮನೆ ಕಾರು."

ಒಂದೇ ಸಲ ಎಂಬ ಆ ಮಾತು ಅವನ ಎದೆಗೆ ನಾಟಿತು. ಅಲ್ಲಿಯವರೆಗೆ ಅವನು ರಿಪೇರಿ ಮಾಡಿದ್ದೆಲ್ಲ ಬೇರೆಯವರು ಕಟ್ಟಿದ ಇಂಜಿನ್ನು. ಇದೊಂದು ಅವನ ತಲೆಯಿಂದ ಹುಟ್ಟಬೇಕಿತ್ತು.

ಎಂಟು ತಿಂಗಳು ಹಿಡಿಯಿತು. ಇಂಜಿನ್ನಿನ ಹೆಡ್ಡನ್ನು ತೇಯಿಸಿದೆವು, ಗುಜರಿಯಿಂದ ಎರಡನೇ ಕಾರ್ಬುರೇಟರ್ ತಂದು ಕೂಡಿಸಿದೆವು. ಭಾರದ ಚಕ್ರವಾದ ಫ್ಲೈವೀಲನ್ನು ನನ್ನ ಲೇತಿನ ಮೇಲೆ ಕೆತ್ತಿ ಹಗುರ ಮಾಡಿದೆ. ಬೆಳಿಗ್ಗೆ ಬೇಗ ಎದ್ದು ಕುಣಿಗಲ್ ಕಡೆ ಹೋಗಿ, ಕೊತ್ತಗೆರೆ ಹತ್ತಿರದ ನೇರ ರಸ್ತೆಯಲ್ಲಿ ಓಡಿಸುತ್ತಿದ್ದೆವು. ಕಾರೇನೋ ಗಾಳಿಯಂತೆ ಹೋಗುತ್ತಿತ್ತು. ಆದರೆ ಕಾವು ಏರಿದಂತೆ ಇಂಜಿನ್ ಆಯಿಲ್ ನೀರಾಗಿ ಬೇರಿಂಗ್ ಸುಟ್ಟುಹೋಗುತ್ತಿತ್ತು. ಎರಡು ಸಲ ಸುಟ್ಟಿತು. ಎರಡು ಸಲವೂ ಎತ್ತಿನ ಗಾಡಿಗೆ ಕಟ್ಟಿ ಎಳೆತಂದೆವು. ಗಾಡಿಯವನು ದಾರಿಯುದ್ದಕ್ಕೂ, "ಇದುಕ್ಕಿಂತ ನನ್ನೆತ್ತೇ ಜೋರು ಬುಡು," ಎಂದು ಚುಚ್ಚುತ್ತಿದ್ದ.

ಪುಟ್ಟರಂಗಯ್ಯ ತನ್ನ ತಾಯಿ ಹನುಮಕ್ಕನ ರೊಟ್ಟಿ ಹೆಂಚನ್ನೇ ಗ್ಯಾರೇಜಿಗೆ ಎತ್ತಿಕೊಂಡು ಬಂದ. ಪೇಟೆಯಲ್ಲಿ ಸಿಗುವ ಎಣ್ಣೆಯನ್ನೆಲ್ಲ ಒಂದೊಂದು ಚಮಚ ಕಾದ ಹೆಂಚಿಗೆ ಹಾಕಿ ನೋಡಿದ. ಎಲ್ಲ ಹೊಗೆಯಾಗಿ ಹೋದ ಮೇಲೂ ಹರಳೆಣ್ಣೆ ಮಾತ್ರ ಹೆಂಚು ಬಿಡಲಿಲ್ಲ. ಹಿಂದೆ ಓಟದ ಕಾರಿನವರೂ ಅದನ್ನೇ ಹಾಕುತ್ತಿದ್ದರೆಂದು ಆಮೇಲೆ ಯಾರೋ ಹೇಳಿದರು. ಆದರೆ ಅದು ಇಂಜಿನ್ನಿನಲ್ಲಿ ದಿನಗಟ್ಟಲೆ ನಿಂತರೆ ಗೋಂದಾಗುತ್ತದೆ, ಸಂತೆಗೆ ಹೋಗುವ ಕಾರಿಗೆ ಆಗದು. ಮಾಮೂಲಿ ಆಯಿಲ್ ಜೊತೆ ಸೀಸೆಯಲ್ಲಿ ಕುಲುಕಿ ಮೊಳೆಗೆ ನೇತುಹಾಕಿದ. ಮಾರನೇ ದಿನ ಎರಡೂ ಬೇರೆಬೇರೆಯಾಗಿ ನಿಂತಿದ್ದವು, ನಡುವೆ ಲೋಳೆ.

"ಅತ್ತೆ ಸೊಸೆ ಕಣಯ್ಯ," ಎಂದ. "ಒಂದೇ ಮನೇಲಿ ಇಡ್ಬಾರ್ದು."

ಕೊನೆಗೆ ಹೀಗೆಂದು ತೀರ್ಮಾನವಾಯಿತು: ಬೆಂಗಳೂರಿನವರೆಗೆ ಮಾಮೂಲಿ ಆಯಿಲ್, ಓಟದ ಪಟ್ಟಿಯ ಪಕ್ಕ ಅದನ್ನು ಇಳಿಸಿ ಹರಳೆಣ್ಣೆ. ಗುರುವಾರ ಚಿಕ್ಕಮಾರಯ್ಯನ ಗಾಣದಿಂದ ನಾಲ್ಕು ಲೀಟರ್ ತಂದು, ಕಾಯಿಸಿ ನೀರಿನಂಶ ಹಾರಿಸಿ, ಬಟ್ಟೆಯಲ್ಲಿ ಸೋಸಿದ. ಗ್ಯಾರೇಜಿನ ಧೂಳು ಬೀಳಬಾರದೆಂದು ಆ ಡಬ್ಬವನ್ನು ಸಾಹುಕಾರರ ಮನೆಯಲ್ಲಿಟ್ಟು ಬಂದ.

ಓಟ ಭಾನುವಾರ. ಶನಿವಾರ ಮಧ್ಯಾಹ್ನ ಸಾಹುಕಾರರನ್ನು ಹತ್ತಿಸಿಕೊಂಡು ಹೊರಡಲು ಕಾರಿನಲ್ಲಿ ಗುಬ್ಬಿಗೆ ಹೋದರೆ ಡಬ್ಬ ಅರ್ಧಕ್ಕರ್ಧ ಹಗುರ. ಸಾಹುಕಾರರ ತಲೆ ಮಿರಮಿರ ಮಿಂಚುತ್ತಿತ್ತು. ಅವರ ಇಬ್ಬರು ತಮ್ಮಂದಿರದೂ, ಮಂಡಿಯ ಆಳುಗಳದೂ.

"ಶನಿವಾರ ಅಲ್ವೇ, ಗಂಡಸ್ರಿಗೆಲ್ಲ ಎಣ್ಣೆ ಸ್ನಾನ ಮಾಡಿಸ್ದೆ," ಎಂದರು ಸಾಹುಕಾರರ ಹೆಂಡತಿ ಸುಂದರಮ್ಮ. "ಇಷ್ಟು ತಿಳಿಯಾಗಿ ನಾನೂ ಯಾವತ್ತೂ ಕಾಯ್ಸಿಲ್ಲ ಪುಟ್ಟರಂಗಯ್ಯ. ಒಳ್ಳೇ ಕೈ ನಿಂದು."

ಅವನು ಡಬ್ಬದ ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚಿದ. ಆ ತಾಯಿಗೆ ಹೇಗೆ ಬೈಯುವುದು?

"ಹೋಗ್ತಾ ಗಾಣದ ಹತ್ರ ನಿಲ್ಸಿ ತಗೊಳ್ಳಯ್ಯ," ಎಂದರು ಸಾಹುಕಾರರು.

"ಶನಿವಾರ ಎಣ್ಣೆ ಕೊಂಡ್ರೆ ಶನೀನ ಕೈ ಹಿಡ್ದು ಮನೆಗೆ ಕರ್ಕಂಡ್ ಬಂದಂಗೆ ಅಂತ ನಮ್ಮವ್ವ ಹೇಳವ್ಳೆ. ನಾಳೆ ಬೆಂಗ್ಳೂರಲ್ಲಿ ತಗತೀನಿ."

ದೇವರು ದಿಂಡರೆಂದರೆ ನಗುವವನು ಈ ಒಂದರಲ್ಲಿ ಮಾತ್ರ ಬಗ್ಗಲಿಲ್ಲ. ಕ್ಯಾತ್ಸಂದ್ರದಲ್ಲಿ ಕಾಫಿಗೆ ನಿಂತಾಗ ಎದುರಿಗೇ ಎಣ್ಣೆ ಅಂಗಡಿ ತೆರೆದಿತ್ತು. ಅದಕ್ಕೆ ಬೆನ್ನು ತಿರುಗಿಸಿ ಕೂತು ಕಾಫಿ ಕುಡಿದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನನ್ನು ನಾನು ಕಣ್ಣಾರೆ ಕಂಡಿದ್ದು ಅಂದೇ.

ಭಾನುವಾರ ಬೆಂಗಳೂರಿನಲ್ಲಿ ನಾವು ಸುತ್ತಿದ ಬೀದಿಗಳಲ್ಲೆಲ್ಲ ಅಂಗಡಿಗಳ ಬಾಗಿಲು ಮುಚ್ಚಿತ್ತು. ಪಟ್ಟಿಯ ಪಕ್ಕ ಹಳೇ ಆಯಿಲ್ ಇಳಿಸಿ, ಉಳಿದಿದ್ದ ಹರಳೆಣ್ಣೆ ಸುರಿದ. ಮಟ್ಟ ಅರ್ಧಕ್ಕೆ ನಿಂತಿತು. ಅಷ್ಟರಲ್ಲೇ ಓಡಿಸಿದರೆ ಕಾರು ಮುನ್ನುಗ್ಗುವಾಗ ಎಣ್ಣೆ ಹಿಂದಕ್ಕೆ ಸರಿದು ಇಂಜಿನ್ ಒಣಗುತ್ತದೆ. ಅವನು ಮಾಮೂಲಿ ಆಯಿಲ್ ಡಬ್ಬ ಎತ್ತಿಕೊಂಡ.

"ಸೇರಲ್ಲ ಅಂತ ನೀನೇ ಹೇಳಿದ್ದಲ್ಲಯ್ಯ. ಇಳ್ಸಿದ್ದನ್ನೇ ವಾಪಸ್ ಹಾಕು," ಎಂದೆ.

"ಅದು ಎರಡು ಸಲ ನನ್ ಮಾನ ಕಳೆದೈತೆ. ಕಾಲು ಮೈಲಿ ಕಣೋ. ಅಷ್ಟ್ರಲ್ಲಿ ಎಷ್ಟು ಜಗಳ ಆಡ್ತವೆ?"

ಮೊದಲ ಓಟ ಗೆದ್ದೆವು. ಹರಳೆಣ್ಣೆಯ ಕಮಟು ಹೊಗೆ ಪಟ್ಟಿಯ ತುಂಬ ಹಬ್ಬಿತು. "ಯಾರ ಮನೇಲ್ರಯ್ಯ ದೀಪಾವಳಿ?" ಎಂದು ಬೆಂಗಳೂರಿನ ಹುಡುಗರು ನಕ್ಕರು. ಅವನೂ ನಕ್ಕ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಎರಡನೇ ಓಟಕ್ಕೆ ಒಂದೂವರೆ ಗಂಟೆ ಕಾಯಿಸಿದರು. ಇಂಜಿನ್ ತಣ್ಣಗಾಯಿತು. ಅವನು ಎಣ್ಣೆ ಅಳೆಯುವ ಕಡ್ಡಿ ಎಳೆದ. ಕಡ್ಡಿಗೆ ಹತ್ತಿದ್ದು ಎಣ್ಣೆಯಲ್ಲ, ಗಂಟುಕಟ್ಟಿದ ರಾಗಿ ಅಂಬಲಿಯಂಥದ್ದು. ನಾನೂ ನೋಡಿದೆ. ಕಡ್ಡಿಯನ್ನು ಪ್ಯಾಂಟಿಗೆ ಒರೆಸಿ ಸಿಕ್ಕಿಸಿದ. ಸ್ಟೇರಿಂಗಿನ ಮುಂದೆ ಕೂತಿದ್ದ ಸಾಹುಕಾರರಿಗೆ ತಲೆಯಾಡಿಸಿದ, ಹೋಗಿ ಎಂದು. ನಾನೂ ಬಾಯಿ ಬಿಡಲಿಲ್ಲ.

ಅರ್ಧ ದಾರಿಯವರೆಗೆ ನಮ್ಮದೇ ಮುಂದಿತ್ತು. ಆಮೇಲೆ ಒಳಗೆ ಕಲ್ಲು ಸಿಡಿದಂತಾಗಿ, ಕಾರು ಹೊಗೆಯುಗುಳುತ್ತ ನಿಂತಿತು. ಎಣ್ಣೆ ಹೀರುವ ಜಾಲರಿ ಆ ಲೋಳೆಯಿಂದ ಕಟ್ಟಿಹೋಗಿತ್ತು. ಬೇರಿಂಗ್ ಕಚ್ಚಿಕೊಂಡು, ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ನಿನ ಪಕ್ಕೆ ಸೀಳಿ ಹೊರಬಂದಿತ್ತು.

"ಏನಾಯ್ತೋ?" ಎಂದರು ಸಾಹುಕಾರರು.

"ಎಣ್ಣೆ."

"ನಮ್ಮನೆಯೋಳು ಮಾಡಿದ ಕೆಲ್ಸ."

"ಅಮ್ಮೋರ್ದು ಏನೂ ಇಲ್ಲ. ನಂದು."

ಫಿಯಟ್ಟಿಗೆ ಬೇರೆ ಮಾಮೂಲಿ ಇಂಜಿನ್ ಕೂತಿತು. ಸುಂದರಮ್ಮ ಅದರಲ್ಲಿ ದೇವಸ್ಥಾನಕ್ಕೆ ಹೋಗಿಬರತೊಡಗಿದರು. ಓಟದ ಇಂಜಿನ್ ಕಟ್ಟಿಕೊಡು ಎಂದು ಆಮೇಲೆ ಇಬ್ಬರು ಮೂವರು ಬಂದು ಕೇಳಿದರು. ಅವನು ಲಾರಿಯಡಿಯಿಂದ ತಲೆಯನ್ನೂ ಹೊರಹಾಕಲಿಲ್ಲ.

ಆದರೆ ಓಟ ಮುಗಿದ ಮುಂದಿನ ಶನಿವಾರವೇ ಅವನು ಚಿಕ್ಕಮಾರಯ್ಯನ ಗಾಣಕ್ಕೆ ಹೋಗಿ ಒಂದು ಸೀಸೆ ಚಾಚಿದ.

"ಇವತ್ತು ಶನಿವಾರ ಕಣಯ್ಯ," ಎಂದ ಚಿಕ್ಕಮಾರಯ್ಯ.

"ಗೊತ್ತು. ಹೋದ ಶನಿವಾರ್ವೇ ತಗಬೇಕಿತ್ತು. ಅಳೆ."

ಬದುಕಿರುವವರೆಗೂ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಆ ಸೀಸೆಗಳು ನಮ್ಮ ತಗಡಿನ ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಯಾವ ಇಂಜಿನ್ನಿಗೂ ಅವನು ಅದನ್ನು ಹಾಕಲಿಲ್ಲ, ಯಾರ ತಲೆಗೂ ಹಚ್ಚಲು ಕೊಡಲಿಲ್ಲ.