ಭೀಮಾಬಾಯಿಯ ಚೌಕಾಸಿ

ಸತ್ತಿ ಊರಿನ ಭೀಮಾಬಾಯಿ ಆಡು ಸಾಕಿ ಬಾಳಿದವಳು. ಅಥಣಿ ಸಂತೆಯಲ್ಲಿ ಅವಳು ಚೌಕಾಸಿಗೆ ಕೂತರೆ ಎದುರಿನ ಹುರಿಮೀಸೆಗಳೆಲ್ಲ ಜೋತುಬೀಳುತ್ತಿದ್ದವು. ಇಂಥ ರಣಧೀರೆ ಈಚೆಗೆ ಮನಸೋತದ್ದು ಒಂದಕ್ಕೇ, ಸೊಸೆ ಅನುಸೂಯಾ ಕಬ್ಬಿಗೆ ಔಷಧ ಹೊಡೆಯುವ ಡ್ರೋನಿಗೆ. ಮೊದಲ ದಿನ ಹದ್ದೆಂದು ಕಲ್ಲು ಬೀಸಿದ್ದಳು. ಸೊಸೆಯ ಬೆನ್ನು ಹಣ್ಣು ಮಾಡಿದ್ದ ಔಷಧದ ಡಬ್ಬಿ ಇಳಿದದ್ದು ಅದರಿಂದಲೇ ಎಂದು ಕಂಡ ಮೇಲೆ, ದಿನಾ ಸೆರಗಿನಿಂದ ಅದರ ರೆಕ್ಕೆ ಒರೆಸಿ ದೃಷ್ಟಿ ತೆಗೆಯತೊಡಗಿದಳು.

ಒಂದು ಬೆಳಗ್ಗೆ ಸೊಸೆ ಹೊಳೆಗೆ ಹೋದಾಗ ಅವಳು ಬಿಟ್ಟುಹೋದ ಮೊಬೈಲಿಗೆ ಫೋನ್ ಬಂತು. ಭೀಮಾಬಾಯಿಯೇ ಎತ್ತಿದಳು. ಗಡಿಯ ಕೊಗನೊಳ್ಳಿ ಕಡೆಯ ಅಧಿಕಾರಿ ರಾಜಾರಾಮ. "ಡ್ರೋನ್ ಚೌಕಶಿಗೆ ಬರಾಕತ್ತೇನ್ರಿ, ಮನ್ಯಾಗ ಇರ್ರಿ."

ಎರಡು ರಾಜ್ಯಗಳು ನಂದು ನಂದೆಂದು ಜಗ್ಗಾಡುವ ಸೀಮೆ. ಹೊರದೇಶದ ಚಿಪ್ ಹೊತ್ತು ಇಲ್ಲಿಯ ಚಿತ್ರ ಆ ದೇಶಕ್ಕೆ ಕಳಿಸುವ ಡ್ರೋನ್ ಕಂಡರೆ ಜಪ್ತಿ ಮಾಡಿ ಎಂದು ಮೇಲಿನ ಆಜ್ಞೆ. ರಾಜಾರಾಮನ ಮರಾಠಿ ನಾಲಿಗೆಗೆ ಚೌಕಶಿಯೆಂದರೆ ವಿಚಾರಣೆ. ಭೀಮಾಬಾಯಿಯ ಕಿವಿಗೆ ಅದು ಸಂತೆಯ ಚೌಕಾಸಿ. ಅಂದರೆ ಸೊಸೆ ತನಗೆ ಹೇಳದೆ ಡ್ರೋನ್ ಮಾರಲು ಹೊರಟಿದ್ದಾಳೆ!

ಸೆರಗು ಬಿಗಿದು ಹೊಸ್ತಿಲಲ್ಲಿ ಕೂತಳು. ಕೊಡುವ ಮನಸ್ಸಿಲ್ಲದ ಮಾಲನ್ನು ಹೇಗೆ ಹಳಿಯಬೇಕೆಂದು ಅವಳಿಗೆ ಕಲಿಸಬೇಕೆ?

"ಕ್ಯಾಮೆರಾ ಐತೇನ್ರಿ ಇದಕ್ಕ?" ರಾಜಾರಾಮ ಬಂದವನೇ ಕೇಳಿದ.

"ಎಲ್ಲೀದ್ರಿ ಸಾಹೇಬ್ರ, ಹುಟ್ಟಾ ಕುರುಡು."

"ಭಾಳ ದೂರ ಹೋಗ್ತೈತೇನು?"

"ನಮ್ಮ ಹೊಲದ ಬದು ದಾಟಂಗಿಲ್ಲ. ನನ್ನ ಗಂಡನಂಗ ಮೈಗಳ್ಳ."

ಅವನಿಗೆ ಸಮಾಧಾನವಾಯಿತು. "ಪರದೇಶಿ ಅಲ್ಲ ಹೌದಲ್ರಿ?"

"ಅಯ್ಯ, ಪಕ್ಕಾ ಪರದೇಶಿರಿ! ಹಿಂದಿಲ್ಲ, ಮುಂದಿಲ್ಲ!"

ರಾಜಾರಾಮನ ಮುಖ ಸಪ್ಪಗಾಯಿತು. ಚೀಲದಿಂದ ಸೀಲಿನ ಟೇಪ್ ತೆಗೆದ. ವ್ಯಾಪಾರ ಕುದುರಿಯೇಬಿಟ್ಟಿತೆಂದು ಭೀಮಾಬಾಯಿ ಹಾರಿ ಡ್ರೋನನ್ನು ತಬ್ಬಿ ಕೂತಳು. "ಮಾರಂಗಿಲ್ಲಂದ್ರ ಮಾರಂಗಿಲ್ಲ! ಬೇಕಾದ್ರ ಹೋತ ಒಯ್ರಿ!"

ಒದ್ದೆ ಸೀರೆಯಲ್ಲೇ ಓಡಿಬಂದ ಅನುಸೂಯಾಗೆ ಅತ್ತೆಯನ್ನು ಬಿಡಿಸುವುದೇ ಸಾಹಸವಾಯಿತು. ಡ್ರೋನ್ ಪರದೇಶಿಯೆಂದು ಅತ್ತೆಯೇ ಒಪ್ಪಿದ್ದಾಳೆ, ಜಪ್ತಿ ಮಾಡಲೇಬೇಕು ಎಂದ ರಾಜಾರಾಮ. "ಸರ್, ನಮ್ಮತ್ತಿ ಪರದೇಶಿ ಅಂದದ್ದು ಅನಾಥ ಅಂತ್ರಿ! ಇದು ಹುಬ್ಬಳ್ಳ್ಯಾಗ ತಯಾರಾದದ್ದು."

ರಾಜಾರಾಮ ಮುಚ್ಚಳ ಬಿಚ್ಚಿ ಒಳಗಿನದನ್ನೆಲ್ಲ ನೋಡಿದ. ಟೇಪ್ ಚೀಲಕ್ಕೆ ಮರಳಿತು. "ಎಲ್ಲಾ ನಮ್ಮ ದೇಶದ್ದ ಐತ್ರಿ. ಹಾರಸ್ರಿ. ಆಯಿ, ನಾ ಕೊಳ್ಳಾಕ ಬಂದಿಲ್ಲ, ವಿಚಾರಸಾಕ ಬಂದೇನಿ."

ಭೀಮಾಬಾಯಿ ಕುಲುಮೆಯ ತಿದಿಯಂತೆ ಉಸಿರುಬಿಟ್ಟಳು. ಮರುಗಳಿಗೆಯೇ ಕಣ್ಣು ಹೊಳೆದವು.

"ಮೊದಲ ಹೇಳಬಾರ್ದೇನ್ರಿ? ಬರ್ರಿ, ಚಾ ಕುಡೀರಿ. ಸಾಹೇಬ್ರ, ಇಂಥಾ ಡ್ರೋನ್ ಎರಡೂ ರಾಜ್ಯದಾಗ ಇಲ್ಲ!"